ಬಿದ್ದವರು ಮರಳಿ ಬಂದಾಗ



ಸೆಪ್ಟೆಂಬರ್ 16ರಂದು ಧರ್ಮಸಭೆಯು ಸಂತ ಕೊರ್ನೇಲಿಯುಸ್ ಮತ್ತು ಸಂತ ಸಿಪ್ರಿಯಾನರ ಹಬ್ಬವನ್ನು ಒಟ್ಟಿಗೆ ಆಚರಿಸುತ್ತದೆ. ಒಬ್ಬರು ರೋಮಿನ ಜಗದ್ಗುರು, ಇನ್ನೊಬ್ಬರು ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷರು. ಇಬ್ಬರಿಗೂ ಒಂದೇ ದಿನ ಏಕೆ? ಈ ಪ್ರಶ್ನೆ ಕೇಳಿದವಳು ದೇವಲಾಪುರದ ಕಡೆಯ ಒಬ್ಬ ವಿದ್ಯಾರ್ಥಿನಿ. ಕಾಲೇಜಿನಲ್ಲಿ ಆದಿ ಧರ್ಮಸಭೆಯ ಇತಿಹಾಸದ ಪರೀಕ್ಷೆಗೆ ಓದುತ್ತಿದ್ದಳು. ಇಸವಿಗಳೆಲ್ಲ ಬಾಯಿಪಾಠವಾಗಿದ್ದವು, ಕಥೆ ಮಾತ್ರ ತಲೆಗೆ ಹತ್ತಿರಲಿಲ್ಲ.

ಕಥೆ ಹೀಗಿದೆ. ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ದೇಸಿಯುಸ್, ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಅಂಥ ಕೆಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಇಂದಿಗೂ ಸಿಕ್ಕಿವೆ. ಜಗದ್ಗುರು ಫಾಬಿಯಾನರು ಆ ವರ್ಷ ಜನವರಿಯಲ್ಲೇ ರಕ್ತಸಾಕ್ಷಿಯಾದರು. ಆದರೆ ಎಲ್ಲರೂ ಹಾಗಿರಲಿಲ್ಲ. ಕೆಲವರು ಬಲಿ ಕೊಟ್ಟರು, ಕೆಲವರು ಒಂದು ಚಿಟಿಕೆ ಧೂಪ ಹಾಕಿದರು, ಇನ್ನು ಕೆಲವರು ಏನೂ ಮಾಡದೆ ಹಣ ಕೊಟ್ಟು ಪತ್ರ ಕೊಂಡುಕೊಂಡರು. ಇವರನ್ನೆಲ್ಲ 'ಬಿದ್ದವರು' ಎಂದು ಕರೆದರು.

ಹಿಂಸೆ ಅಡಗಿದ ಮೇಲೆ ಬಿದ್ದವರು ಅಳುತ್ತಾ ದೇವಾಲಯದ ಬಾಗಿಲಿಗೆ ಬಂದರು. ಸೇರಿಸಿಕೊಳ್ಳಲೇಬಾರದು ಎಂದರು ನೊವಾಸಿಯಾನ್ ಎಂಬ ರೋಮಿನ ಗುರು. ಕೂಡಲೇ ಸೇರಿಸಿಕೊಳ್ಳಿ ಎಂದರು ಮತ್ತೆ ಕೆಲವರು. ಸಿಪ್ರಿಯಾನರು 251ರಲ್ಲಿ ಧರ್ಮಾಧ್ಯಕ್ಷರ ಸಭೆ ಕರೆದರು. ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕು, ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರಬೇಕು, ಮರಣಕಾಲದಲ್ಲಾದರೂ ಅವರಿಗೆ ಕ್ಷಮೆ ಸಿಗಬೇಕು ಎಂದು ತೀರ್ಮಾನವಾಯಿತು. ರೋಮಿನಲ್ಲಿ ಕೊರ್ನೇಲಿಯುಸರೂ ಇದನ್ನೇ ಒಪ್ಪಿದರು. ಇಬ್ಬರನ್ನೂ ಒಂದೇ ದಿನ ನೆನೆಯುವುದರಲ್ಲಿ ಈ ಗೆಳೆತನವೂ ಅಡಗಿದೆ. ಸ್ವತಃ ಸಿಪ್ರಿಯಾನರೇ ದೇಸಿಯುಸನ ಕಾಲದಲ್ಲಿ ತಲೆಮರೆಸಿಕೊಂಡಿದ್ದರು, ಅದಕ್ಕಾಗಿ ಮಾತೂ ಕೇಳಿದ್ದರು. 258ರಲ್ಲಿ ಮಾತ್ರ ಓಡದೆ ಕತ್ತಿಗೆ ಕೊರಳೊಡ್ಡಿದರು. ಮುಂದೆ 325ರ ನಿಸೇಯ ಮಹಾಸಭೆಯೂ, ಒತ್ತಾಯವಿಲ್ಲದೆ ಬಿದ್ದವರಿಗೆ ಸಹ ಹನ್ನೆರಡು ವರ್ಷಗಳ ಪ್ರಾಯಶ್ಚಿತ್ತ ವಿಧಿಸಿ ಬಾಗಿಲು ತೆರೆದಿಟ್ಟಿತು. ವಿಶ್ವಾಸಪ್ರಮಾಣದಲ್ಲಿ ಪಾಪಕ್ಷಮೆಯನ್ನು ವಿಶ್ವಾಸಿಸುತ್ತೇವೆಂದು ನಾವು ಹೇಳುವ ಮಾತಿನ ಹಿಂದೆ ಇಷ್ಟೆಲ್ಲ ಕಣ್ಣೀರಿದೆ.

"ಇದು ಎಲ್ಲೋ ಆಫ್ರಿಕದ್ದು, ಸ್ವಾಮಿ" ಎಂದಳು ಆ ಹುಡುಗಿ. ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಮಿನ ದೇವಾಲಯವನ್ನು ನೋಡಮ್ಮ ಎಂದೆ.

1784ರಲ್ಲಿ ವಿಭೂತಿ ಬುಧವಾರದಂದು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿದನು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿ ತಂದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು, ಬಹಳ ಮಂದಿಯನ್ನು ಒತ್ತಾಯದಿಂದ ಮತಾಂತರಿಸಲಾಯಿತು. ಇವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. (ಇದನ್ನು ಇಂದಿನ ನೆರೆಹೊರೆಯವರ ಮೇಲೆ ಹೊರಿಸುವುದು ಇತಿಹಾಸವಲ್ಲ, ಹಗೆತನ.) 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದವರು ಬಿಡುಗಡೆಯಾದರು. ಅವರಲ್ಲಿ ಅನೇಕರು ಹದಿನೈದು ವರ್ಷ ಬಲಿಪೂಜೆಯನ್ನೇ ಕಂಡಿರಲಿಲ್ಲ.

ಆಗ ಇಲ್ಲಿಗೆ ಬಂದವರು ಪ್ಯಾರಿಸ್ ವಿದೇಶಿ ಮಿಷನ್ನಿನ ಗುರು ಅಬ್ಬೆ ದ್ಯುಬುವಾ. ನಮ್ಮ ಹಿರಿಯರ ಬಾಯಲ್ಲಿ 'ದೊಡ್ಡ ಸ್ವಾಮಿಯವರು'. ಚದುರಿದವರನ್ನು ಹುಡುಕಿ, ಪಶ್ಚಾತ್ತಾಪಪಟ್ಟವರನ್ನು ಧರ್ಮಸಭೆಯೊಂದಿಗೆ ಮತ್ತೆ ಒಂದುಗೂಡಿಸಿದರು. ಸಿಡುಬಿಗೆ ದೇವಿ ಹಾಕಿಸಿದರು, ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು.

ಆದರೆ ಒಂದು ವಿಚಿತ್ರವಿದೆ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳ ಪುಸ್ತಕದಲ್ಲಿ ಇದೇ ಸ್ವಾಮಿಯವರು, ಅಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಕಟುವಾಗಿ ಬರೆದರು. ಸೆರೆಯಲ್ಲಿ ಸತ್ತವರ ಮನಸ್ಸನ್ನು ಅವರು ಹೇಗೆ ಬಲ್ಲರು? ನನಗೆ ಆ ಮಾತು ಒಪ್ಪಿಗೆಯಿಲ್ಲ. ಸಿಪ್ರಿಯಾನರೂ ಬಿದ್ದವರನ್ನು ಕುರಿತು ಕಠಿಣವಾಗಿಯೇ ಬರೆದವರು. ಬರೆದ ಕೈ ಗಡುಸಾಗಿತ್ತು. ಅವರನ್ನು ಒಳಕ್ಕೆ ಕರೆದುಕೊಂಡದ್ದೂ ಅದೇ ಕೈ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಿಲ್ಲವಂತೆ. ಗಂಜಾಮಿಗೆ ಮಾತ್ರ ಹೋಗಿ ಬಂದಳು, ಜೊತೆಗೆ ಅಜ್ಜಿಯನ್ನೂ ಕರೆದುಕೊಂಡು.