ಪಾಸ್ಕ ಹಬ್ಬದ ಮೊಟ್ಟೆಯೂ ಮಕ್ಕಳ ಪಾಲೂ

ಪುನರುತ್ಥಾನದ ಹಬ್ಬಕ್ಕೆ ಮಕ್ಕಳಿಗೆ ಎಷ್ಟು ಕೊಡಬೇಕು? ಗರಿಗಳ ಭಾನುವಾರದ ಬಲಿಪೂಜೆ ಮುಗಿದು ಹೊರಗೆ ಬರುತ್ತಿದ್ದಾಗ ಯುವಕ ತಂದೆಯೊಬ್ಬರು ನನ್ನನ್ನು ಹೀಗೆ ಕೇಳಿದರು. ಪೇಟೆಯ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಕಾಗದ ಸುತ್ತಿದ ದೊಡ್ಡ ಚಾಕೊಲೇಟ್ ಮೊಟ್ಟೆಯೊಂದನ್ನು ಅವರ ಮಗಳು ನೋಡಿಬಂದಿದ್ದಳು. ಅದರ ಬೆಲೆ ಅವರ ಒಂದು ದಿನದ ಸಂಪಾದನೆಯನ್ನು ಮೀರಿತ್ತು. “ಮೇಷ್ಟ್ರೇ, ಇದು ನಮ್ಮ ಧರ್ಮದ ಪದ್ಧತಿಯೋ, ಅಂಗಡಿಯವರ ಪದ್ಧತಿಯೋ?” ಎಂಬುದು ಅವರ ಸಂಶಯ. ಆಗ ನಾನು ಸರಿಯಾಗಿ ಉತ್ತರಿಸಲಿಲ್ಲ. ಶತಮಾನೋತ್ಸವದ ಈ ಸಂಚಿಕೆಗೆ ಲೇಖನವೊಂದು ಬೇಕೆಂಬ ಕೋರಿಕೆ ಬಂದಾಗ ಆ ಪ್ರಶ್ನೆಯೇ ನೆನಪಿಗೆ ಬಂದಿತು.

ಹಬ್ಬದ ಮೊಟ್ಟೆಯ ಚರಿತ್ರೆಯನ್ನು ಹಬ್ಬದಿಂದ ಆರಂಭಿಸಿದರೆ ಅರ್ಥವಾಗುವುದಿಲ್ಲ, ತಪಸ್ಸುಕಾಲದಿಂದ ಆರಂಭಿಸಬೇಕು. ಪ್ರಾಚೀನ ಧರ್ಮಸಭೆಯ ನಲವತ್ತು ದಿನಗಳ ಉಪವಾಸವು ಇಂದು ನಾವು ಆಚರಿಸುವಂಥ ಸೌಮ್ಯ ವ್ರತವಾಗಿರಲಿಲ್ಲ. ಮಾಂಸದೊಡನೆ ಮೊಟ್ಟೆ, ಹಾಲು, ಬೆಣ್ಣೆ, ಗಿಣ್ಣು ಇವೆಲ್ಲವೂ ವರ್ಜ್ಯವಾಗಿದ್ದುವು. 692ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ನೆರೆದ ಧರ್ಮಾಧ್ಯಕ್ಷರ ಸಭೆಯು, ತಪಸ್ಸುಕಾಲದ ಶನಿವಾರ ಭಾನುವಾರಗಳಲ್ಲಿ ಮೊಟ್ಟೆಯನ್ನೂ ಗಿಣ್ಣನ್ನೂ ತಿನ್ನುತ್ತಿದ್ದವರನ್ನು ಆಕ್ಷೇಪಿಸಿ, ಪ್ರಾಣಿಯನ್ನು ಬಿಟ್ಟಮೇಲೆ ಪ್ರಾಣಿಯಿಂದ ಬಂದುದನ್ನೂ ಬಿಡಬೇಕೆಂದು ವಿಧಿಸಿತು. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರೂ ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಈ ವಿಷಯವನ್ನೆತ್ತಿಕೊಂಡು ಕಾರಣಸಹಿತವಾಗಿ ವಿಚಾರಿಸಿದ್ದಾರೆ.

ಮನುಷ್ಯರು ಉಪವಾಸ ಮಾಡಬಹುದು, ಕೋಳಿಗೆ ಆ ನಿಯಮವಿಲ್ಲವಷ್ಟೆ! ಯೂರೋಪಿನ ಶೀತದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಬೆಳಕು ಕಡಮೆಯಾದಾಗ ಕೋಳಿ ಮೊಟ್ಟೆಯಿಡುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಫೆಬ್ರವರಿ ಮಾರ್ಚಿಯಲ್ಲಿ ಹಗಲು ಬೆಳೆದಂತೆ ಮತ್ತೆ ಇಡತೊಡಗುತ್ತದೆ. ಎಂದರೆ, ತಿನ್ನಬಾರದೆಂಬ ಕಾಲದಲ್ಲಿಯೇ ಗೂಡು ತುಂಬುತ್ತ ಬರುತ್ತದೆ. ಐದು ಕೋಳಿಗಳುಳ್ಳ ಬಡ ರೈತನ ಮನೆಯಲ್ಲಿ ಪ್ರತಿಯೊಂದು ಕೋಳಿ ಎರಡು ದಿನಕ್ಕೊಂದು ಮೊಟ್ಟೆಯಿಟ್ಟಿತೆಂದು ಲೆಕ್ಕಹಾಕಿದರೂ, ವಿಭೂತಿ ಬುಧವಾರದಿಂದ ಪಾಸ್ಕದವರೆಗೆ ನೂರಕ್ಕೆ ಮೇಲ್ಪಟ್ಟು ಮೊಟ್ಟೆಗಳು ಕೂಡಿದವು. ಕೆಡದಂತೆ ಕೆಲವನ್ನು ಗಟ್ಟಿಯಾಗಿ ಬೇಯಿಸಿಡುತ್ತಿದ್ದರು. ಉಳಿದವು ತಂಪಾದ ಮೂಲೆಯಲ್ಲಿ ಕಾಯುತ್ತಿದ್ದವು. ಹಬ್ಬದ ಬೆಳಗ್ಗೆ ಮಗುವಿನ ಕೈಗೆ ಬಂದ ಬಣ್ಣದ ಮೊಟ್ಟೆ ಇಡೀ ಮನೆ ತಿನ್ನದೆ ಉಳಿಸಿದ ವಸ್ತುವಾಗಿದ್ದಿತು. ತಂದೆತಾಯಿಗಳ ಉಡುಗೊರೆ ಎಷ್ಟೆಂಬುದನ್ನು ಅವರ ಉಪವಾಸವೇ ನಿರ್ಧರಿಸುತ್ತಿತ್ತು.

ನಮ್ಮ ನಾಡಿನಲ್ಲಿ ಹಗಲಿರುಳುಗಳ ಅಂತರ ಅಷ್ಟಾಗಿಲ್ಲವಾದ್ದರಿಂದ ನಾಟಿ ಕೋಳಿ ವರ್ಷವೆಲ್ಲ ಕಾವಿನ ಬಿಡುವು ನೋಡಿಕೊಂಡು ಮೊಟ್ಟೆಯಿಡುತ್ತದೆ. ಆದಕಾರಣ ಪಾಸ್ಕಕ್ಕೂ ಮೊಟ್ಟೆಗೂ ಇರುವ ನಂಟು ನಮಗೆ ಸಹಜವಾಗಿ ಹೊಳೆಯದು. ನಮ್ಮ ಹಿರಿಯರಿಗೆ ಹಬ್ಬವೆಂದರೆ ತಪಸ್ಸುಕಾಲ ಕಳೆದು ಬೇಯುವ ಮಾಂಸದಡಿಗೆ, ಆದರೆ ಒಂದು ಹೊಸ ಬಟ್ಟೆ, ಅಷ್ಟೆ. ನಾನು ಬಾಲ್ಯದಲ್ಲಿ ಬಣ್ಣದ ಮೊಟ್ಟೆಯನ್ನು ಕಂಡುದು ಚಿತ್ರದಲ್ಲಿ ಮಾತ್ರ.

ಮತ್ತೆ ಚರಿತ್ರೆಗೆ ಬರೋಣ. ಇಂಗ್ಲೆಂಡಿನ ಅರಸ ಒಂದನೆಯ ಎಡ್ವರ್ಡನ 1290ನೆಯ ವರ್ಷದ ಅರಮನೆಯ ಲೆಕ್ಕದಲ್ಲಿ, ಪಾಸ್ಕಕ್ಕಾಗಿ 450 ಮೊಟ್ಟೆಗಳನ್ನು 18 ಪೆನ್ನಿಗೆ ಕೊಂಡುದು ನಮೂದಾಗಿದೆ. ಅವುಗಳಿಗೆ ಬಣ್ಣ ಕಟ್ಟಿ, ಚಿನ್ನದ ರೇಕು ಹಚ್ಚಿ, ಅರಮನೆಯ ಪರಿವಾರಕ್ಕೆ ಹಂಚಲಾಯಿತು. ಒಂದು ಪೆನ್ನಿಗೆ ಇಪ್ಪತ್ತೈದು ಮೊಟ್ಟೆಯಾಯಿತು! ಚಿನ್ನದ ರೇಕನ್ನು ಬಿಟ್ಟರೆ ಅರಸನ ಉಡುಗೊರೆಗೂ ರೈತನ ಉಡುಗೊರೆಗೂ ವಸ್ತುವಿನಲ್ಲಿ ಭೇದವಿರಲಿಲ್ಲವೆಂಬುದು ನನಗೆ ಈ ಲೆಕ್ಕದಲ್ಲಿ ಕಾಣುವ ಸ್ವಾರಸ್ಯ. ಆದರೆ ರೈತನ ಮೊಟ್ಟೆಗಳೆಲ್ಲವೂ ಅವನ ಮಕ್ಕಳಿಗೇ ಸೇರುತ್ತಿದ್ದವೆಂದು ಭಾವಿಸಬಾರದು. ಜಮೀನಿನ ಒಡೆಯನಿಗೆ ಕ್ರಿಸ್ತಜಯಂತಿಗೆ ಕೋಳಿ, ಪಾಸ್ಕಕ್ಕೆ ಮೊಟ್ಟೆ ಒಪ್ಪಿಸುವ ಕಟ್ಟಳೆ ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ಇದ್ದಿತು. ಒಡೆಯನ ಪಾಲು ಸಂದು ಉಳಿದುದೇ ಮಕ್ಕಳ ಪಾಲು.

ಧರ್ಮಸಭೆಯು ಈ ಗೃಹಪದ್ಧತಿಯನ್ನು ತಿರಸ್ಕರಿಸದೆ ಆಶೀರ್ವದಿಸಿತು. ಐದನೆಯ ಪೌಲ್ ಜಗದ್ಗುರುಗಳ ಕಾಲದಲ್ಲಿ, 1614ರಲ್ಲಿ ಪ್ರಕಟವಾದ ರೋಮನ್ ಸಂಸ್ಕಾರವಿಧಿಯ ಗ್ರಂಥದಲ್ಲಿ ಮೊಟ್ಟೆಗಳನ್ನು ಆಶೀರ್ವದಿಸುವ ಪ್ರಾರ್ಥನೆಯುಂಟು. ಪೋಲೆಂಡಿನ ಕಥೋಲಿಕರು ಇಂದಿಗೂ ಪವಿತ್ರ ಶನಿವಾರ ಮೊಟ್ಟೆ, ರೊಟ್ಟಿ, ಉಪ್ಪುಗಳ ಬುಟ್ಟಿಯನ್ನು ದೇವಾಲಯಕ್ಕೆ ತಂದು ಆಶೀರ್ವಾದ ಪಡೆಯುತ್ತಾರೆ. ಮರುದಿನ ಬೆಳಗ್ಗೆ ಆಶೀರ್ವದಿತ ಮೊಟ್ಟೆಯನ್ನು ತುಂಡುಮಾಡಿ ಮನೆಯವರೆಲ್ಲರೂ ಶುಭಾಶಯದೊಡನೆ ಹಂಚಿಕೊಂಡ ನಂತರವೇ ಊಟ. ಅಲ್ಲಿ ಒಂದು ಮೊಟ್ಟೆ ಇಡೀ ಸಂಸಾರಕ್ಕೆ ಸಾಕಾಗುತ್ತದೆ.

ತಂದೆತಾಯಿಗಳಷ್ಟೇ ಅಲ್ಲ, ಜ್ಞಾನಸ್ನಾನದ ತಂದೆತಾಯಿಗಳೂ ಈ ದಿನ ಕೊಡಲು ಬದ್ಧರಾಗಿದ್ದರು. ಪೋರ್ಚುಗಲ್ಲಿನಲ್ಲಿ ಮಗು ಗರಿಗಳ ಭಾನುವಾರ ತನ್ನ ಜ್ಞಾನತಾಯಿಗೆ ಒಂದು ಹಸುರು ಕೊಂಬೆಯನ್ನೋ ಹೂವನ್ನೋ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಪಾಸ್ಕದಂದು, ಇಡೀ ಮೊಟ್ಟೆಯನ್ನು ಒಳಗಿರಿಸಿ ಬೇಯಿಸಿದ ‘ಫೊಲಾರ್’ ಎಂಬ ರೊಟ್ಟಿಯನ್ನು ಪಡೆಯುತ್ತದೆ. ಜರ್ಮನಿಯ ಪೂರ್ವಭಾಗದ ಲುಸಾಟಿಯ ಪ್ರದೇಶದ ಸೋರ್ಬ್ ಜನರಲ್ಲಿ ಜ್ಞಾನಮಕ್ಕಳಿಗೆ ಮೂರು ಚಿತ್ರಿತ ಮೊಟ್ಟೆಗಳೂ ಒಂದು ಹಬ್ಬದ ರೊಟ್ಟಿಯೂ ಸಲ್ಲುವುದು ವಾಡಿಕೆ. ಇಂಥ ಮಿತಿಯಲ್ಲಿ ಒಂದು ಸೌಕರ್ಯವಿದೆ. ಯಾರೂ ಯಾರನ್ನೂ ಮೀರಿಸಬೇಕಾದುದಿಲ್ಲ.

ಕೊಡಲು ಏನೂ ಇಲ್ಲದವರ ಗತಿಯೇನು? ಉತ್ತರ ಇಂಗ್ಲೆಂಡಿನಲ್ಲಿ ಬಡವರ ಮಕ್ಕಳು ಗುಂಪುಗೂಡಿ, ಹಾಡುತ್ತ, ಕೆಲವೆಡೆ ಮುಖಕ್ಕೆ ಮಸಿ ಬಳಿದುಕೊಂಡು ಪುಟ್ಟ ನಾಟಕವಾಡುತ್ತ ಮನೆಮನೆಯಿಂದ ಮೊಟ್ಟೆ ಬೇಡಿ ತರುತ್ತಿದ್ದರು. ಈರುಳ್ಳಿ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದರೆ ಆ ಮೊಟ್ಟೆಗಳಿಗೆ ಹೊಂಬಣ್ಣದ ಚಿತ್ತಾರ ಬರುತ್ತಿತ್ತು, ಕಾಸಿನ ಖರ್ಚಿಲ್ಲ. ಅವನ್ನು ‘ಪೇಸ್ ಎಗ್’ ಎಂದು ಕರೆದರು. ಈ ‘ಪೇಸ್’ ಎಂಬುದು ನಮ್ಮ ‘ಪಾಸ್ಕ’ವೇ. ಎರಡೂ ಯೆಹೂದ್ಯರ ‘ಪೆಸಾಖ್’ ಶಬ್ದದಿಂದ ಬಂದವು. ಇಂಗ್ಲಿಷರು ತಮ್ಮ ‘ಈಸ್ಟರ್’ ಶಬ್ದದಲ್ಲಿ ಮರೆತುದನ್ನು ಬಡಮಕ್ಕಳು ಮೊಟ್ಟೆಯ ಹೆಸರಿನಲ್ಲಿ ಉಳಿಸಿಕೊಂಡರು.

ಮೊಟ್ಟೆಯನ್ನು ತಂದವರು ಯಾರೆಂದು ಮಕ್ಕಳಿಗೆ ಹೇಳುವ ಕತೆಗಳೂ ದೇಶಕ್ಕೊಂದು ಬಗೆ. 1682ರಲ್ಲಿ ಹೈಡೆಲ್‌ಬರ್ಗಿನ ವೈದ್ಯ ಪ್ರಾಧ್ಯಾಪಕ ಫ್ರಾಂಕ್ ಎಂಬವರ ಹೆಸರಿನಲ್ಲಿ ಪಾಸ್ಕದ ಮೊಟ್ಟೆಗಳನ್ನು ಕುರಿತ ಲ್ಯಾಟಿನ್ ಪ್ರಬಂಧವೊಂದು ಹೊರಟಿತು. ಆಲ್ಸೇಸ್ ಮತ್ತು ನೆರೆಯ ಪ್ರಾಂತಗಳಲ್ಲಿ ಮೊಲವು ಮೊಟ್ಟೆಯಿಟ್ಟು ತೋಟದ ಹುಲ್ಲಿನಲ್ಲಿ ಬಚ್ಚಿಡುತ್ತದೆಂದು ಮಕ್ಕಳಿಗೆ ಹೇಳುತ್ತಾರೆಂಬ ಉಲ್ಲೇಖ ಅದರಲ್ಲಿದೆ. ಅದೇ ಪ್ರಬಂಧವು, ಹಬ್ಬದಂದು ಮಿತಿಮೀರಿ ಮೊಟ್ಟೆ ತಿಂದರೆ ಕಾಯಿಲೆ ಬರುವುದೆಂದೂ ಎಚ್ಚರಿಸುತ್ತದೆ. ಎಷ್ಟು ಕೊಡಬೇಕೆಂಬ ನಮ್ಮ ಪ್ರಶ್ನೆಗೆ ವೈದ್ಯಶಾಸ್ತ್ರದ ಕಡೆಯಿಂದ ಬಂದ ಹಳೆಯ ಉತ್ತರವಿದು! ಫ್ರಾನ್ಸಿನ ಕಥೋಲಿಕರಲ್ಲಿ ಮೊಲವಿಲ್ಲ. ಪವಿತ್ರ ಗುರುವಾರ ಮೌನವಾದ ದೇವಾಲಯದ ಗಂಟೆಗಳು ರೋಮಿಗೆ ಹಾರಿಹೋಗಿ, ಹಿಂದಿರುಗುವಾಗ ಮಕ್ಕಳಿಗಾಗಿ ಮೊಟ್ಟೆಗಳನ್ನು ಉದುರಿಸುತ್ತವೆ. ಆ ದಿನಗಳಲ್ಲಿ ಗಂಟೆಗೆ ಬದಲು ಮರದ ಹಲಗೆಯ ಬಡಿತವನ್ನು ಕೇಳಿ ಬೆಳೆದ ನಮಗೆ ಮೊಲಕ್ಕಿಂತ ಈ ಕತೆ ಹತ್ತಿರವೆನಿಸುತ್ತದೆ.

ರಷ್ಯದ ಚಕ್ರವರ್ತಿಗಳು 1885ರಿಂದ ಫಾಬೆರ್ಜೆ ಎಂಬ ಅಕ್ಕಸಾಲೆಯಿಂದ ಮಾಡಿಸಿದ ರತ್ನಖಚಿತ ಮೊಟ್ಟೆಗಳ ಮಾತು ಬಹಳವಾಗಿ ಕೇಳಿಬರುತ್ತದೆ. ಆದರೆ ಅವು ಪತ್ನಿಗೂ ತಾಯಿಗೂ ಕೊಟ್ಟವು, ಮಕ್ಕಳಿಗಲ್ಲ. ಅವನ್ನು ಇಲ್ಲಿಗೆ ಬಿಡುತ್ತೇನೆ.

ನಿಜವಾದ ತಿರುವು ಬಂದುದು ಚಾಕೊಲೇಟಿನಿಂದ. ಕೋಕೋ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ 1828ರಲ್ಲಿ ಹಾಲೆಂಡಿನ ವ್ಯಾನ್ ಹೌಟನ್ ಮನೆತನದವರು ಹಕ್ಕುಪತ್ರ ಪಡೆದರು. ಆ ಕೊಬ್ಬನ್ನು ಮತ್ತೆ ಬೆರಸಿ ಅಚ್ಚಿಗೆ ಹೊಯ್ಯುವ ವಿದ್ಯೆ ಬೆಳೆದಮೇಲೆ, ಬ್ರಿಸ್ಟಲ್ಲಿನ ಫ್ರೈ ಕಂಪೆನಿ 1873ರಲ್ಲಿ, ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ ಕಂಪೆನಿ 1875ರಲ್ಲಿ ಪೊಳ್ಳು ಚಾಕೊಲೇಟ್ ಮೊಟ್ಟೆಗಳನ್ನು ಮಾರಾಟಕ್ಕೆ ತಂದವು. ಇಲ್ಲೊಂದು ವಿಚಿತ್ರವಿದೆ. ಈ ಎರಡು ಮನೆತನಗಳೂ ಕ್ವೇಕರ್ ಪಂಥಕ್ಕೆ ಸೇರಿದವು. ಆ ಪಂಥದವರು ಎಲ್ಲ ದಿನಗಳೂ ಸಮಾನವಾಗಿ ಪವಿತ್ರವೆಂದು ನಂಬಿ, ಸಂಪ್ರದಾಯಾನುಸಾರ ಪಾಸ್ಕವನ್ನಾಗಲಿ ಕ್ರಿಸ್ತಜಯಂತಿಯನ್ನಾಗಲಿ ಆಚರಿಸುತ್ತಿರಲಿಲ್ಲ. ಉಪವಾಸವನ್ನೂ ಹಬ್ಬವನ್ನೂ ಒಪ್ಪದವರು ಹಬ್ಬದ ಮೊಟ್ಟೆಯನ್ನು ಜಗತ್ತಿಗೆ ಹಂಚಿದರು.

ಅಲ್ಲಿಂದ ಮುಂದೆ ಗೂಡಿನಲ್ಲಿ ಕೂಡಿಟ್ಟುದರ ಲೆಕ್ಕ ಹೋಗಿ, ತಂದೆಯ ಜೇಬಿನ ಲೆಕ್ಕ ಬಂದಿತು. ಇತ್ತ ಧರ್ಮಸಭೆಯ ನಿಯಮವೂ ಸಡಿಲವಾಗುತ್ತ ಬಂದಿತು. 1917ರ ಧರ್ಮಸಭೆಯ ಕಾನೂನುಸಂಹಿತೆಯು ವರ್ಜನದ ದಿನಗಳಲ್ಲಿ ಮಾಂಸವನ್ನು ನಿಷೇಧಿಸಿತೇ ಹೊರತು ಮೊಟ್ಟೆಯನ್ನೂ ಹಾಲನ್ನೂ ನಿಷೇಧಿಸಲಿಲ್ಲ. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳ ಆಜ್ಞಾಪತ್ರದ ಪ್ರಕಾರ ಕಡ್ಡಾಯ ಉಪವಾಸ ವಿಭೂತಿ ಬುಧವಾರಕ್ಕೂ ಶುಭ ಶುಕ್ರವಾರಕ್ಕೂ ಸೀಮಿತವಾಯಿತು. ಉಪವಾಸ ಕುಗ್ಗಿದಂತೆ ಉಡುಗೊರೆ ಕುಗ್ಗಲಿಲ್ಲ, ಹಿಗ್ಗಿತು.

ಮಗುವಿನ ಕೈಯ ಚಾಕೊಲೇಟ್ ಮೊಟ್ಟೆಯ ಇನ್ನೊಂದು ತುದಿ ಯಾವ ಊರಿನಲ್ಲಿದೆ ಎಂಬುದನ್ನು ಬಹಳ ಮಂದಿ ಅರಿಯರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪೆನಿಗಳ ಕೋಕೋವಿನಲ್ಲಿ ಗಣನೀಯವಾದ ಪಾಲು ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ತೋಮೆ ದ್ವೀಪದಿಂದ ಬರುತ್ತಿತ್ತು. ಅದು ಪೋರ್ಚುಗೀಸರ ವಸಾಹತು. ಆಂಗೋಲದಿಂದ ಸಾಗಿಸಿ ತಂದ ಜನರು ಅಲ್ಲಿಯ ತೋಟಗಳಲ್ಲಿ ದುಡಿಯುತ್ತಿದ್ದರು. ಕಾಗದದ ಮೇಲೆ ಅವರು ಕರಾರಿನ ಕೂಲಿಗಳು, ವಾಸ್ತವದಲ್ಲಿ ಹಿಂದಿರುಗಲಾಗದ ಜೀತದಾಳುಗಳು. ಈ ಸುದ್ದಿ 1901ರಲ್ಲಿಯೇ ವಿಲಿಯಂ ಕ್ಯಾಡ್ಬರಿಯ ಕಿವಿಗೆ ಬಿದ್ದಿತ್ತು. ಹೆನ್ರಿ ನೆವಿನ್‌ಸನ್ ಎಂಬ ಪತ್ರಕರ್ತ ಸ್ವತಃ ಪಯಣ ಮಾಡಿ ಕಂಡುದನ್ನು 1906ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಂಪೆನಿಯೂ ವಿಚಾರಣೆಗೆ ತನ್ನವನೊಬ್ಬನನ್ನು ಕಳುಹಿಸಿತು. ಆದರೂ ಖರೀದಿ ನಿಂತುದು 1909ರ ಮಾರ್ಚಿಯಲ್ಲಿ. ಈ ವಿಳಂಬವನ್ನು ಕಟುವಾಗಿ ಟೀಕಿಸಿದ ‘ಸ್ಟಾಂಡರ್ಡ್’ ಪತ್ರಿಕೆಯ ಮೇಲೆ ಕ್ಯಾಡ್ಬರಿಯವರು ಮಾನನಷ್ಟದ ಮೊಕದ್ದಮೆ ಹೂಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರ್ಪಾಯಿತು. ಗೆದ್ದವರು ಕ್ಯಾಡ್ಬರಿಯವರೇ, ಆದರೆ ಪಂಚರು ಅವರಿಗೆ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ನಾಲ್ಕನೆಯ ಒಂದು ಪಾಲು. ಎಡ್ವರ್ಡ್ ಅರಸನ ಕಾಲವಾಗಿದ್ದರೆ ಅದಕ್ಕೆ ಆರು ಮೊಟ್ಟೆ ಬರುತ್ತಿತ್ತು. ಅವರು ದುಷ್ಟರೆಂದು ನಾನು ಹೇಳಲಾರೆ, ತಮ್ಮ ಊರಿನ ಕೆಲಸಗಾರರಿಗೆ ಮನೆ, ತೋಟ, ಶಾಲೆಗಳನ್ನು ಒದಗಿಸಿದ ಧರ್ಮಭೀರುಗಳು. ಆದರೆ ತಿಳಿದಮೇಲೆಯೂ ಎಂಟು ವರ್ಷ ಕಾದದ್ದು ದೀರ್ಘಕಾಲವೇ ಸರಿ.

ಒಂದು ತಲೆಮಾರಿನ ಇಂಗ್ಲಿಷ್ ಮಕ್ಕಳಿಗೆ ಹಳೆಯ ಕಾಲ ಮತ್ತೊಮ್ಮೆ ಬಂದಂತಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಒಬ್ಬರಿಗೆ ವಾರಕ್ಕೊಂದು ಕೋಳಿಮೊಟ್ಟೆ ಸಿಕ್ಕಿದರೆ ಪುಣ್ಯ. ಸಿಹಿತಿಂಡಿಗೂ ಚಾಕೊಲೇಟಿಗೂ 1942ರ ಜುಲೈಯಿಂದ ರೇಷನ್ ಚೀಟಿ ಬಂದಿತು. ನಡುವೆ 1949ರಲ್ಲಿ ಕೆಲವು ತಿಂಗಳು ತೆರವಾದರೂ ಬೇಡಿಕೆ ತಾಳಲಾರದೆ ಮತ್ತೆ ಹೇರಬೇಕಾಯಿತು. ಪೂರ್ಣವಾಗಿ ಮುಗಿದುದು 1953ರ ಫೆಬ್ರವರಿ 5ರಂದು. ಆ ವರ್ಷದ ಪಾಸ್ಕ ಏಪ್ರಿಲ್ 5ಕ್ಕೆ ಬಿದ್ದಿತು. ಹತ್ತು ವರ್ಷದ ಮಕ್ಕಳಲ್ಲಿ ಅನೇಕರಿಗೆ ಅದು ಚೀಟಿಯಿಲ್ಲದ ಮೊದಲ ಪಾಸ್ಕ.

ಈಗಿನ ಅಂಕಿಗಳನ್ನು ನೋಡಿದರೆ ತಲೆ ತಿರುಗುತ್ತದೆ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಸಂಘದ ಅಂದಾಜಿನಂತೆ 2023ರ ಪಾಸ್ಕಕ್ಕೆ ಆ ದೇಶದವರು ಊಟ, ಬಟ್ಟೆ, ಉಡುಗೊರೆ, ಸಿಹಿತಿಂಡಿಗಳಿಗೆ ಮಾಡಿದ ವೆಚ್ಚ 2,400 ಕೋಟಿ ಡಾಲರು, ತಲೆಗೆ 192 ಡಾಲರು. ಇತ್ತ ಜಗತ್ತಿನ ಕೋಕೋವಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಲ್ಲಿ ಕೋಕೋ ಕೃಷಿಯ ಬಾಲಕಾರ್ಮಿಕರ ಸಂಖ್ಯೆ ಸುಮಾರು 15 ಲಕ್ಷ 60 ಸಾವಿರವೆಂದು ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು 2020ರಲ್ಲಿ ವರದಿ ಮಾಡಿತು. ಮಚ್ಚಿನಿಂದ ಕಾಯಿ ಒಡೆಯುವುದು, ಮೂಟೆ ಹೊರುವುದು ಇವರ ಕೆಲಸ. 2024ರ ಮಾರ್ಚಿ ತಿಂಗಳ ಕೊನೆಯಲ್ಲಿ, ಸರಿಯಾಗಿ ಪವಿತ್ರವಾರದಲ್ಲಿ, ಕೋಕೋ ಬೆಲೆ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ 10,000 ಡಾಲರು ದಾಟಿತು. ಆ ಎರಡು ದೇಶಗಳಲ್ಲಿ ರೈತನಿಗೆ ಸಲ್ಲುವ ಬೆಲೆಯನ್ನು ಸರ್ಕಾರವೇ ಮುಂಚಿತವಾಗಿ ನಿಗದಿಮಾಡುವುದರಿಂದ ಆ ಏರಿಕೆಯ ಬಹುಭಾಗ ಅವನಿಗೆ ಆಗ ದಕ್ಕಲಿಲ್ಲ.

ಕೋಕೋ ನಮಗೂ ಅಪರಿಚಿತವಲ್ಲ. ದಕ್ಷಿಣ ಕನ್ನಡದ ಅಡಕೆತೋಟಗಳ ನೆರಳಿನಲ್ಲಿ ಅದನ್ನು ಬೆಳೆಯುತ್ತಾರೆ. 1980ರ ಸುಮಾರಿಗೆ ಬೆಲೆ ಕುಸಿದು ಕಾಯಿಯನ್ನು ಕೇಳುವವರಿಲ್ಲದಾದಾಗ, 1973ರಲ್ಲಿ ಅಡಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಕೊಳ್ಳಲು ಮುಂದೆ ಬಂದಿತು. ಕೊಂಡುದನ್ನು ಬಳಸಲು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಆ ಚಾಕೊಲೇಟಿಗೆ ಬೀಜ ಕೊಟ್ಟ ರೈತ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತಿರಬಹುದು. ಮಂಗಳೂರು ಬೆಂಗಳೂರುಗಳ ಬೇಕರಿಗಳಲ್ಲಿ ಪಾಸ್ಕದ ವಾರ ಮಾರುವ ಮಾರ್ಜಿಪಾನ್ ಮೊಟ್ಟೆಯೂ ಹೀಗೆಯೇ ಅರ್ಧ ನಮ್ಮದು. ಯೂರೋಪಿನವರು ಅದನ್ನು ಬಾದಾಮಿಯಿಂದ ಮಾಡಿದರೆ, ಕರಾವಳಿಯವರು ಗೋಡಂಬಿಯನ್ನು ಅರೆದು ಸಕ್ಕರೆಯೊಡನೆ ಕಲಸಿ ಮಾಡಿದರು. ಅಚ್ಚೊಂದು ಇದ್ದರೆ ಮನೆಯಲ್ಲಿಯೂ ಮಾಡಬಹುದು. ಕಾಲು ಕಿಲೋ ಗೋಡಂಬಿಗೆ ಚಿಕ್ಕ ಮೊಟ್ಟೆಗಳು ಒಂದು ಡಜನ್ನಿಗೆ ಕಡಮೆಯಾಗುವುದಿಲ್ಲ. ಆ ಯುವಕ ತಂದೆಗೆ ಈ ವರ್ಷ ನಾನು ಹೇಳಿದುದು ಇಷ್ಟೆ.