ದೇವರಾಜ ಅರಸರ ಬಸ್ಸಿನ ಕಾಯಿದೆ

ಬೆಳಗಾವಿಯಿಂದ ಸಂಕೇಶ್ವರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಯಮಕನಮರಡಿಯನ್ನು ನಮ್ಮ ಜಿಲ್ಲೆಯ ವಾಚಕರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಪುಣೆ-ಬೆಂಗಳೂರುಗಳ ನಡುವಣ ವಾಹನಸಂಚಾರವು ಈ ಊರ ಸೆರಗಿಗೆ ತಾಗಿಯೇ ಸಾಗುವದು. ಅದರಲ್ಲಿ ಎರಡು ಬಗೆಯ ಬಸ್ಸುಗಳುಂಟು. ಸಂತೆಗೆ ಹೊರಟ ಮುದುಕಿಯನ್ನೂ ಶಾಲೆಗೆ ಹೊರಟ ಹುಡುಗನನ್ನೂ ನಿಂತು ಹತ್ತಿಸಿಕೊಳ್ಳುವಂಥದು ಒಂದು. ದೂರದ ಪಟ್ಟಣಗಳ ಪ್ರಯಾಣಿಕರನ್ನು ಹೊತ್ತು, ನಡುವಣ ಹಳ್ಳಿಗಳನ್ನು ಕಣ್ಣೆತ್ತಿಯೂ ನೋಡದೆ ರಾತ್ರಿಯೆಲ್ಲ ಓಡುವಂಥದು ಮತ್ತೊಂದು. ಇವೆರಡರ ನಡುವಣ ವ್ಯಾಜ್ಯವನ್ನು ನಮ್ಮ ರಾಜ್ಯದ ಶಾಸನಸಭೆಯು ಒಮ್ಮೆ ನೇರವಾಗಿ ಕೈಗೆತ್ತಿಕೊಂಡಿತ್ತು. ಆಗ ಮುಖ್ಯಮಂತ್ರಿಗಳಾಗಿದ್ದವರು ಡಿ. ದೇವರಾಜ ಅರಸರು. ಅವರ ಹೆಸರೆತ್ತಿದೊಡನೆ ಎಲ್ಲರಿಗೂ ಭೂಸುಧಾರಣೆಯು ನೆನಪಾಗುವದು. ಬಸ್ಸಿನ ಕಾಯಿದೆಯನ್ನು ನೆನೆಯುವವರು ವಿರಳ.

ಪೂರ್ವವೃತ್ತಾಂತವನ್ನು ಚಿಕ್ಕದಾಗಿ ಹೇಳಬಹುದು. ೧೯೪೮ರಲ್ಲಿ ಮುಂಬಯಿ ಸರಕಾರವೂ ಮೈಸೂರು ಸರಕಾರವೂ ಬೇರೆಬೇರೆಯಾಗಿ ಬಸ್ಸು ನಡೆಯಿಸುವ ಕೆಲಸಕ್ಕೆ ಕೈಹಾಕಿದವು. ೧೯೫೬ರ ನವೆಂಬರ ೧ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿತು. ೧೯೬೧ರಲ್ಲಿ ಆ ರಾಜ್ಯಕ್ಕೆ ರಸ್ತೆ ಸಾರಿಗೆ ನಿಗಮವು ಹುಟ್ಟಿತು.

೧೯೩೯ರ ಮೋಟಾರು ವಾಹನ ಕಾಯಿದೆಯು ಬಾಡಿಗೆಯ ವಾಹನಗಳಲ್ಲಿ ಒಂದು ಸೂಕ್ಷ್ಮ ಭೇದವನ್ನು ಮಾಡಿತ್ತು. ಪ್ರತಿಯೊಬ್ಬರಿಂದಲೂ ಬೇರೆಬೇರೆಯಾಗಿ ದರ ತೆಗೆದುಕೊಂಡು ಊರೂರಿಗೆ ಹತ್ತಿಸಿ ಇಳಿಸುವ ಬಸ್ಸಿಗೆ ಒಂದು ಪರವಾನಗಿ. ಮದುವೆಯ ದಿಬ್ಬಣಕ್ಕೋ ಯಾತ್ರೆಗೋ ಇಡಿಯಾಗಿ ಗೊತ್ತುಮಾಡಿದ ಬಸ್ಸಿಗೆ ಇನ್ನೊಂದು. ಎರಡನೆಯ ಬಗೆಯ ಪರವಾನಗಿಯುಳ್ಳವನು ದಾರಿಯಲ್ಲಿ ಬಿಡಿ ಪ್ರಯಾಣಿಕರನ್ನು ತುಂಬಿಕೊಳ್ಳಕೂಡದು. ಆದರೆ ನಡೆದುದೇ ಬೇರೆ. ದಿಬ್ಬಣದ ಪರವಾನಗಿ ಪಡೆದು ನಿತ್ಯದ ಓಡಾಟ ನಡೆಯಿಸುವ ವ್ಯಾಪಾರವು ಬೆಳೆಯಿತು. ಲಾಭದ ದಾರಿಗಳನ್ನು ಅವರು ಆಯ್ದುಕೊಂಡರು. ನಷ್ಟದ ಹಳ್ಳಿಗಳು ನಿಗಮದ ಪಾಲಿಗೆ ಉಳಿದವು.

ಇದು ಬರಿಯ ಹಣದ ಮಾತಲ್ಲ, ಜೀವದ ಮಾತೂ ಅಹುದು. ಬಸ್ಸಿನ ಪ್ರಯಾಣಿಕರ ಪ್ರಾಣಹಾನಿಗೂ ಗಾಯಕ್ಕೂ ವಿಮೆಯಿರಬೇಕೆಂದು ಅದೇ ೧೯೩೯ರ ಕಾಯಿದೆಯು ವಿಧಿಸಿತ್ತು. ಆದರೆ ಪರವಾನಗಿಯಲ್ಲಿ ಹೇಳದ ಉದ್ದೇಶಕ್ಕೆ ವಾಹನವನ್ನು ಉಪಯೋಗಿಸಿದ್ದರೆ, ತಮ್ಮ ಮೇಲೆ ಹೊಣೆಯಿಲ್ಲವೆಂದು ವಾದಿಸಲು ವಿಮೆಯವರಿಗೆ ಎಡೆಯನ್ನೂ ಅದೇ ಕಾಯಿದೆಯು ಕೊಟ್ಟಿತ್ತು. ಚೀಟಿಗೆ ದುಡ್ಡು ಕೊಟ್ಟು ಕುಳಿತ ಬಡವನಿಗೆ ಆ ಬಸ್ಸಿನ ಪರವಾನಗಿ ಎಂಥದೆಂಬದು ತಿಳಿಯುವ ಬಗೆಯೆಂತು?

ಅರಸರ ಸರಕಾರವು ೧೯೭೬ರ ಜನವರಿ ೩೦ರಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಬಳಿಕ ಅದೇ ವರ್ಷದ ೨೧ನೆಯ ಕಾಯಿದೆಯು ಅದರ ಸ್ಥಾನದಲ್ಲಿ ಬಂದಿತು. ಗುತ್ತಿಗೆಯ ಬಸ್ಸುಗಳೂ ಅವುಗಳ ಪರವಾನಗಿಗಳೂ ಸರಕಾರದ ವಶವಾಗಿ ನಿಗಮಕ್ಕೆ ಸೇರಿದವು. ಮುಂದೆ ಅಂಥ ಪರವಾನಗಿಯು ನಿಗಮಕ್ಕಲ್ಲದೆ ಅನ್ಯರಿಗೆ ದೊರೆಯದಂತಾಯಿತು. ಮಾಲಕರಿಗೆ ಪರಿಹಾರವನ್ನೂ, ಅವರಲ್ಲಿ ದುಡಿಯುತ್ತಿದ್ದ ಕೆಲಸಗಾರರಿಗೆ ನಿಗಮದಲ್ಲಿ ಎಡೆಯನ್ನೂ ಕಾಯಿದೆಯು ಕಲ್ಪಿಸಿತ್ತು. ಚಾಲಕ ನಿರ್ವಾಹಕರನ್ನು ಬೀದಿಗೆ ತಳ್ಳದ ಈ ಎಚ್ಚರವು ಅದರ ಹೆಚ್ಚಳವೆಂದೇ ನನ್ನ ಎಣಿಕೆ. ಆದರೂ ಇದು ತುರ್ತುಪರಿಸ್ಥಿತಿಯ ದಿನಗಳಲ್ಲಿ ಸುಗ್ರೀವಾಜ್ಞೆಯಾಗಿ ಹುಟ್ಟಿತೆಂಬದನ್ನು ಮರೆಮಾಚಲಾಗದು. ಸಭೆಯಲ್ಲಿ ಮೊದಲೇ ಚರ್ಚೆಯಾಗಿದ್ದರೆ ಅದರ ಬೇರು ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತೇನೋ.

ಮಾಲಕರು ನ್ಯಾಯಾಲಯಕ್ಕೆ ಹೋದರು. ರಾಜ್ಯದ ಉಚ್ಚ ನ್ಯಾಯಾಲಯವು ಕಾಯಿದೆಯನ್ನು ರದ್ದುಮಾಡಿತು. ಸರಕಾರವು ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟಿತು. ರಂಗನಾಥ ರೆಡ್ಡಿ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಏಳು ಜನ ನ್ಯಾಯಮೂರ್ತಿಗಳು ೧೯೭೭ರ ಅಕ್ಟೋಬರ ೧೧ರಂದು ಕಾಯಿದೆಯನ್ನು ಎತ್ತಿಹಿಡಿದರು. ನಿರ್ಣಯದಲ್ಲಿ ಏಳು ಜನರೂ ಒಂದೇ. ಕಾರಣಗಳಲ್ಲಿ ಎರಡು ಪಕ್ಷ. ಖಾಸಗಿಯವರ ಒಡೆತನದ ಬಸ್ಸೂ ಸಮಾಜದ ಭೌತಿಕ ಸಂಪತ್ತೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರರೂ ಇನ್ನಿಬ್ಬರೂ ಹೇಳಿದರು. ಉಳಿದ ನಾಲ್ವರು ಆ ಮಾತಿಗೆ ಒಳಪಡಲೊಲ್ಲದೆ ದೂರ ನಿಂತರು. ಹಳ್ಳಿಯ ದಾರಿಯ ಬಸ್ಸಿನಿಂದ ಎದ್ದ ಈ ತರ್ಕವು ೨೦೨೪ರ ನವೆಂಬರದವರೆಗೂ ತೀರಲಿಲ್ಲ. ಆ ತಿಂಗಳು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ, ಖಾಸಗಿ ಸ್ವತ್ತೆಲ್ಲವೂ ಸಮಾಜದ ಸಂಪತ್ತೆನಿಸದೆಂದು ತೀರ್ಪಿತ್ತು ಕೃಷ್ಣ ಅಯ್ಯರರ ಅಭಿಪ್ರಾಯವನ್ನು ತಳ್ಳಿಹಾಕಿತು.

ಕಾಯಿದೆಯ ಆಯುಷ್ಯವಾದರೋ ಅದಕ್ಕೂ ಮೊದಲೇ ಮುಗಿದಿತ್ತು. ಶಾಸನಸಭೆಯು ೨೦೦೩ರಲ್ಲಿ ಮೋಟಾರು ತೆರಿಗೆಯ ತಿದ್ದುಪಡಿಯ ಜೊತೆಗೆ ಅದನ್ನೂ ರದ್ದುಗೊಳಿಸಿತು. ಬಂದಾಗ ಎದ್ದ ಕೋಲಾಹಲವು ಹೋಗುವಾಗ ಏಳಲಿಲ್ಲ. ಜನರ ಓಡಾಟದ ಅಗತ್ಯವು ಬೆಳೆಯುತ್ತಿರಲು ಒಂದೇ ನಿಗಮವು ಬಾಗಿಲು ಕಾಯ್ದು ಕುಳಿತರೆ ಸಾಲದೆಂಬ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅರಸರ ಕಾಯಿದೆಯು ಕೇಳಿದ್ದ ಪ್ರಶ್ನೆಗೆ, ಅಂದರೆ ನಷ್ಟದ ದಾರಿಯ ಹೊರೆಯನ್ನು ಯಾರು ಹೊರಬೇಕೆಂಬದಕ್ಕೆ, ಆ ರದ್ದತಿಯಲ್ಲಿ ಉತ್ತರವಿರಲಿಲ್ಲ. ೧೯೯೭ರ ನವೆಂಬರದಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೇರೆಯಾದ ವಾಯವ್ಯ ಸಾರಿಗೆ ಸಂಸ್ಥೆಯೇ ನಮ್ಮ ಭಾಗದಲ್ಲಿ ಆ ಹೊರೆಯನ್ನು ಹೊತ್ತಿತು. ೨೦೨೩ರ ಜೂನ್ ೧೧ರಂದು ಸ್ತ್ರೀಯರಿಗೆ ಉಚಿತ ಪ್ರಯಾಣವು ಆರಂಭವಾದಾಗಲೂ ಅದು ಸರಕಾರೀ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ ದೊರೆಯಿತು; ರಾತ್ರಿಯ ಖಾಸಗಿ ಬಸ್ಸುಗಳಿಗೆ ಆ ಕಟ್ಟಳೆಯು ತಗಲಲಿಲ್ಲ.