ಬನ್ನಿ ಕೊಡಲು ಕಲಿಸಿದವರು

ಗದಗು, ಬೆಟಗೇರಿ, ಮಲ್ಲಸಮುದ್ರದ ಸೀಮೆಯಲ್ಲಿ ಹತ್ತಿ ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದೇ. ಸುಗ್ಗಿಯ ದಿನಗಳಲ್ಲಿ ಅವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದರೆ, ಕೂಸನ್ನು ನೋಡಿಕೊಳ್ಳುತ್ತಿದ್ದವರು ಅಜ್ಜ, ಅಜ್ಜಿ. ಇದನ್ನು ಯಾರೂ ಶಿಕ್ಷಣವೆಂದು ಕರೆಯಲಿಲ್ಲ. ಆದರೆ ಮಗು ನಾಲ್ಕು ಜನರ ನಡುವೆ ಬಾಳಲು ಕಲಿತದ್ದು ಅವರ ಕೈಯಲ್ಲಿಯೇ.

ಅವರು ಕಲಿಸಿದ್ದು ಉಪದೇಶದಿಂದಲ್ಲ, ಸಣ್ಣಪುಟ್ಟ ಕೆಲಸ ಹೇಳಿ. ನಾಗರ ಪಂಚಮಿಗೆ ಉಂಡಿಯ ತಾಟನ್ನು ಕೈಯಲ್ಲಿಟ್ಟು ನೆರೆಮನೆಗೆ ನನ್ನನ್ನು ಕಳಿಸುತ್ತಿದ್ದವಳು ನಮ್ಮ ಅಜ್ಜಿ. ಯಾರಿಗೆ ಕಾಕಾ ಅನ್ನಬೇಕು, ಯಾರಿಗೆ ಅತ್ತಿ ಅನ್ನಬೇಕು, ಕೇಳಿದ್ದಕ್ಕೆ ತಲೆ ಎತ್ತಿ ಹೇಗೆ ಉತ್ತರ ಕೊಡಬೇಕು ಎಂಬುದೆಲ್ಲ ಆ ತಿರುಗಾಟದಲ್ಲಿಯೇ ಬರುತ್ತಿತ್ತು. ದಸರೆಯ ಸಂಜೆ ಅಜ್ಜನ ಬೆರಳು ಹಿಡಿದು ಬನ್ನಿ ಕೊಡಲು ಹೊರಟರೆ, ಮಾತು ಬಿಟ್ಟವರ ಹೊಸ್ತಿಲನ್ನೂ ತುಳಿಯಬೇಕಾಗುತ್ತಿತ್ತು. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಹಿರಿಯರಿಬ್ಬರು ಜಗಳ ಮರೆಯುವುದನ್ನು ಮಗು ಕಣ್ಣಾರೆ ಕಾಣುತ್ತಿತ್ತು. ಚೌಕಾಬಾರದ ಮನೆಯ ಮುಂದೆ ಕುಳಿತಾಗ ಸರದಿ ಕಾಯುವುದನ್ನೂ, ಸೋತರೆ ಕವಡೆ ಎಸೆಯದಿರುವುದನ್ನೂ ಕಲಿಯುತ್ತಿತ್ತು.

ಕತೆಗಳದೂ ಇದೇ ಕೆಲಸ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕತೆಗಳು, ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ಬಹಳಷ್ಟು ಹೆಂಗಸರ ಬಾಯಿಂದ ಬಂದವು. ಮಲತಾಯಿಯ ಮನೆಯಲ್ಲಿ ಅಳುವ ಹುಡುಗಿಯ ಕತೆ ಕೇಳುತ್ತ ಮಗು, ತನ್ನದಲ್ಲದ ದುಃಖಕ್ಕೂ ಮರುಗಲು ಕಲಿಯುತ್ತದೆ.

ಹಾಗೆಂದು ಹಳೆಯದೆಲ್ಲವೂ ಹೊನ್ನಲ್ಲ. ಯಾವ ಓಣಿಗೆ ಹೋಗಬಾರದು, ಯಾರ ಮನೆಯ ನೀರು ಕುಡಿಯಬಾರದು ಎಂದು ಹೇಳಿಕೊಟ್ಟವಳೂ ಅದೇ ಅಜ್ಜಿ. ಉಂಡಿಯ ತಾಟು ಹೋಗದ ಮನೆಗಳೂ ಊರಿನಲ್ಲಿ ಇದ್ದವು. ಹುಡುಗ ಆಡುತ್ತಿರುವಾಗ ಹುಡುಗಿಗೆ ಕಸಬರಿಗೆ ಕೊಟ್ಟವರೂ ಅವರೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಮುಂದೆ ಊರೂರಿಗೆ ಅಂಗನವಾಡಿಗಳು ಬಂದವು. ಬೇರೆ ಬೇರೆ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣಲು ಅಲ್ಲಿ ಎಡೆಯಾಯಿತು. ಅಜ್ಜಿಯಿಂದಾಗದ ಪಾಠವನ್ನು ಅಂಗನವಾಡಿ ಶುರುಮಾಡಿತು. ಆದರೆ ಅಜ್ಜಿಯ ಪಾಠವನ್ನು ಅದೊಂದೇ ತುಂಬಿಕೊಡಲಾರದು. ಅಲ್ಲಿ ಮಗುವಿನ ಸುತ್ತ ಇರುವವರು ಹೆಚ್ಚಾಗಿ ಅದರದೇ ವಯಸ್ಸಿನವರು. ತನಗಿಂತ ಅರವತ್ತು ವರ್ಷ ಹಿರಿಯರ ನಿಧಾನಕ್ಕೆ ಹೊಂದಿಕೊಳ್ಳುವುದನ್ನು, ಕಿವಿ ಮಂದವಾದವರಿಗೆ ಬೇಸರವಿಲ್ಲದೆ ಎರಡು ಸಲ ಹೇಳುವುದನ್ನು ಅದು ಮನೆಯಲ್ಲಿಯೇ ಕಲಿಯಬೇಕು.

ಪಟ್ಟಣದಲ್ಲಿರುವ ನಮ್ಮ ಮನೆಗಳಿಗೆ ಊರಿನಿಂದ ಅತ್ತೆಯೋ ಅವ್ವನೋ ಬಂದಾಗ ಮೊಮ್ಮಕ್ಕಳನ್ನು ಟಿವಿಯ ಮುಂದೆ ಕೂಡಿಸಿ, ಹಿರಿಯರನ್ನು ಮೂಲೆಯ ಕೋಣೆಗೆ ಕಳಿಸುವುದು ಬೇಡ. ತಾಟು ಹಿಡಿಸಿ ಇಬ್ಬರನ್ನೂ ನೆರೆಮನೆಗೆ ಕಳಿಸೋಣ. ಅಂದು ಆ ತಾಟು ಹೋಗದಿದ್ದ ಮನೆಗಳಿಗೂ ಈಗ ಹೋಗಲಿ.